ಸುರುವಿದ ಉಡಿ

ತುಂಬಿದ ಉಡಿಯನ್ನು ನಮ್ಮ ಕಡೆ ಯಾರೂ ವಾಪಸು ಕೇಳುವುದಿಲ್ಲ. ಬದ್ಧ ವೈರಿಯ ಸೆರಗಿಗೆ ಬಿದ್ದ ಅಕ್ಕಿಯೂ ಅವಳದೇ. ನನ್ನದನ್ನು ಕೇಳಿದರು. ನಾನು ಬಗ್ಗಿ ಸುರುವಿ ಕೊಟ್ಟೆ. ಸೆರಗು ಝಾಡಿಸಿ ಕೊಟ್ಟೆ. ಇದನ್ನು ಹೇಳುವಾಗ ಈಗಲೂ ಕಿವಿ ಸುಡುತ್ತದೆ. ಕೇಳಿದವರಿಗೆ ಆಗಬೇಕಾದ ನಾಚಿಕೆ ಕೊಟ್ಟವಳಿಗೆ ಯಾಕೆ ಆಗುತ್ತದೆ ಅಂತ ಅಪ್ಪ ಭಾಷಣದಲ್ಲಿ ಎಷ್ಟೋ ಸಲ ಹೇಳಿದ್ದಾನೆ. ಕೇಳಿದ್ದೇನೆ, ಚಪ್ಪಾಳೆಯನ್ನೂ ಹೊಡೆದಿದ್ದೇನೆ. ಕಿವಿ ಮಾತ್ರ ಸುಡುತ್ತದೆ.

ನನ್ನ ತವರು ಹಡಗಲಿ. ಅಪ್ಪ ಕ್ರಾಂತಿಕುಮಾರ್, ಸರ್ಕಾರಿ ಶಾಲೆಯಲ್ಲಿ ಜವಾನ. ನಮ್ಮ ಕೇರಿಗೆ ಬುದ್ಧನ ಪಟ ತಂದವನು ಅವನೇ. ಮಗಳಿಗೆ ಸಂಘಮಿತ್ರಾ ಅಂತ ಹೆಸರಿಟ್ಟ. ಅವ್ವ ಮಲ್ಲಿಗೆ ತೋಟಗಳಲ್ಲಿ ಕೂಲಿಗೆ ಮೊಗ್ಗು ಬಿಡಿಸುತ್ತಿದ್ದಳು, ನಾನು ಅವಳ ಸೆರಗು ಹಿಡಿದು ಹೋಗಿ ಬಿಡಿಸುತ್ತಿದ್ದೆ. ತೋಟ ಅವರದು, ಕೈ ನಮ್ಮದು. ಬಿಡಿಸಿದ ಹೂವು ಗುಡಿಯೊಳಗೆ ಹೋಗುತ್ತದೆ, ಬಿಡಿಸಿದವರು ಹೊರಗೆ ನಿಲ್ಲುತ್ತಾರೆ. ಮೊಗ್ಗನ್ನು ಎಲ್ಲಿ ಹಿಡಿದರೆ ಬಾಡುವುದಿಲ್ಲ ಅನ್ನುವುದು ನನಗೆ ಅಕ್ಷರಕ್ಕಿಂತ ಮೊದಲೇ ಗೊತ್ತಿತ್ತು.

ಮದುವೆಯಾಗಿ ನೀಲಗುಂದಕ್ಕೆ ಬಂದೆ. ಗಂಡ ಭೀಮೇಶ್ ಪಂಚಾಯ್ತಿಯಲ್ಲಿ ಊರಿಗೆ ನೀರು ಬಿಡುತ್ತಾನೆ. ಮನೆಯಲ್ಲಿ ಅತ್ತೆ ಓಬಮ್ಮ. ನಾನು ದಿನಾ ಬಸ್ಸು ಹತ್ತಿ ಹರಪನಹಳ್ಳಿಗೆ ಹೋಗಿ ಸುಜಾತಾ ಮೇಡಂ ಪಾರ್ಲರಿನಲ್ಲಿ ದುಡಿಯುತ್ತೇನೆ. ಸೇರಿದ ದಿನವೇ ಅವರು, "ನಿನ್ನ ಹೆಸರು ಗಿರಾಕಿಗಳ ಬಾಯಾಗ ತಿರುಗಂಗಿಲ್ಲ. ಸಂಗೀತಾ ಅಂತ ಇಟ್ಕೊಳ್ಳಾಣ" ಅಂದರು. ಇಬ್ಬರೂ ಕೂತು ಯೋಚನೆ ಮಾಡಿ ಇಟ್ಟ ಹಾಗಿತ್ತು ಆ ಮಾತು. ನಾನು ಹೂಂ ಅಂದೆ.

ಹೊಸಪೇಟೆಯಲ್ಲಿ ನಮಗೆ ತರಬೇತಿ ಕೊಟ್ಟ ಟೀಚರ್ ಒಂದು ಮಾತು ಹೇಳಿದ್ದರು. "ಮದ್ಲು ಎಲ್ಲಾ ಕೆಲ್ಸ ಮಾಡ್ರಿ. ಕತ್ರಿ ಹಿಡೀರಿ, ಬಣ್ಣ ಕಲಸ್ರಿ, ತಲಿ ತೊಳೀರಿ. ಒಂದೆರಡು ವರ್ಷದಾಗ ನಿಮ್ಮ ಕೈ ಎಲ್ಲಿ ಕೂರತೈತಿ ಅಂತ ಕೈನ ಹೇಳತೈತಿ. ಅವಾಗ ಅದೊಂದನ್ನ ಗಟ್ಟಿ ಹಿಡೀರಿ. ಅದಕ್ಕಿಂತ ಮದ್ಲು ಹಿಡಿದ್ರ ಅರ್ಧಂಬರ್ಧ. ತಡಾ ಮಾಡಿದ್ರ ಮುದುಕಿ ಆಗೂತನಕ ಕೂದಲಾ ಗುಡಿಸ್ಕೋತ ಇರ್ತೀರಿ."

ನಾನು ಎಲ್ಲ ಮಾಡಿದೆ. ತಲೆ ತೊಳೆದು ತೊಳೆದು ಬೆರಳ ಸಂದಿ ಒಡೆದು ರಕ್ತ ಬಂತು. ಬಣ್ಣ ಹಚ್ಚಿ ಉಗುರು ಕಪ್ಪಾದವು, ಅನ್ನ ಕಲಸುವಾಗ ನನಗೇ ಹೇಸಿಗೆ. ಕೂದಲು ನೆಟ್ಟಗೆ ಮಾಡುವ ಔಷಧಿಯ ಹೊಗೆಗೆ ಕಣ್ಣಲ್ಲಿ ನೀರು. ಕತ್ತರಿಸಿದ ಕೂದಲಿನ ಚೂರು ಬೆರಳಿಗೆ ಮುಳ್ಳಿನಂತೆ ನೆಟ್ಟು ಕೀವಾಗುತ್ತಿತ್ತು. ಸಂಜೆ ಬಸ್ಸಿನಲ್ಲಿ ಸೀಟು ಸಿಕ್ಕರೂ ಮೊಣಕಾಲು ಮಡಚಲು ಬರುತ್ತಿರಲಿಲ್ಲ. ಇಷ್ಟರ ನಡುವೆ ನನ್ನ ಕೈ ಎಲ್ಲಿ ಕೂತಿತು ಅಂದರೆ ಮೊಗ್ಗಿನ ಜಡೆಯಲ್ಲಿ. ಬಾಳೆಪಟ್ಟಿಯ ಮೇಲೆ ಮೊಗ್ಗು ಜೋಡಿಸಿ ಸೂಜಿಯಿಂದ ಹೊಲಿದು ಹೆಣೆಯುವ ಜಡೆ. ಮದುವೆಯ ದಿನ ಬೆಳಿಗ್ಗೆ ಅದನ್ನು ಹೆಣ್ಣಿನ ಹೆರಳಿಗೆ ಸೇರಿಸಿ ಹೊಲಿಯಬೇಕು. ನಮ್ಮ ಪಾರ್ಲರಿನ ಜಡೆಗೆ ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿಯವರೆಗೆ ಹೆಸರಿತ್ತು. ಆ ಹೆಸರು ಸುಜಾತಾ ಮೇಡಂ ಅವರದು. ಹಿಂದಿನ ಕೋಣೆಯಲ್ಲಿ ಕೂತು ನಾನು ಹೆಣೆಯುತ್ತಿದ್ದೆ, ಮದುವೆ ಮನೆಗೆ ಹೋಗಿ ಅವರು ಕಟ್ಟುತ್ತಿದ್ದರು.

"ಮೇಡಂ, ನಾನೂ ಒಂದು ಕೆಲ್ಸ ಹಿಡೀತೀನ್ರಿ. ಜಡಿ ಕೆಲ್ಸ" ಅಂತ ಕೇಳಿದೆ.

"ಇನ್ನೊಂದು ವರ್ಷ ಹೋಗ್ಲಿ" ಅಂದರು.

ಆ ವರ್ಷ ಹೋಯಿತು. ನನ್ನ ನಂತರ ಸೇರಿದ ಹುಡುಗಿ ಮೇಕಪ್ ಹಿಡಿದಳು. ಅವಳ ನಂತರ ಬಂದವಳು ಬಣ್ಣದ ಕೆಲಸ ಹಿಡಿದಳು. ಅವರ ಕೈ ಕೂತಿತ್ತೋ ಇಲ್ಲವೋ ಯಾರೂ ಕೇಳಲಿಲ್ಲ. ಮತ್ತೆ ಕೇಳಿದೆ. "ಅವಸರ ಮಾಡಬ್ಯಾಡ, ಇನ್ನಾ ಕಲಿಯೂದೈತಿ" ಅಂದರು. ಯಾವಾಗ ಹಿಡಿಯಬೇಕು ಅನ್ನುವುದಕ್ಕೆ ಟೀಚರ್ ಹೇಳಿದ್ದು ವರ್ಷದ ಲೆಕ್ಕ. ಯಾರು ಹಿಡಿಯಬೇಕು ಅನ್ನುವ ಲೆಕ್ಕ ಬೇರೆ ಇದೆ, ಅದನ್ನು ತರಬೇತಿಯಲ್ಲಿ ಕಲಿಸುವುದಿಲ್ಲ.

ಜಡೆ ಕಟ್ಟಿದವಳಿಗೆ ಮದುಮಗಳ ತಾಯಿ ಉಡಿ ತುಂಬುತ್ತಾಳೆ. ಹಣೆಗೆ ಕುಂಕುಮ ಹಚ್ಚಿ, ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು, ಕುಪ್ಪಸದ ಖಣ ಹಾಕುತ್ತಾಳೆ. ಅದಕ್ಕೇ ನಾನು ಹಿಂದಿನ ಕೋಣೆಯಲ್ಲಿ ಉಳಿದಿದ್ದೆ. ಮೇಡಂ ಇದನ್ನು ಬಾಯಿ ಬಿಟ್ಟು ಹೇಳಲಿಲ್ಲ. ನಾನೂ ಬಾಯಿ ಬಿಟ್ಟು ಕೇಳಲಿಲ್ಲ.

ಈ ಸಲ ಒಂದೇ ಮುಹೂರ್ತಕ್ಕೆ ಎರಡು ಮದುವೆ ಬಂದವು. ಮೇಡಂ ಇರುವುದು ಒಬ್ಬರೇ. ನನ್ನನ್ನು ಕನ್ನಡಿಯ ಮುಂದೆ ನಿಲ್ಲಿಸಿ ತಮ್ಮದೇ ಒಂದು ಸೀರೆ ಕೊಟ್ಟರು. "ಕೊಟ್ಟೂರ ಕಡೆ ಮದಿವಿಗೆ ನೀ ಹೋಗು. ಸಂಗೀತಾ ಅನ್ನು. ಯಾರ ಪೈಕಿ ಅಂತ ಕೇಳಿದ್ರ ಸುಜಾತಾ ಮೇಡಂ ಪೈಕಿ ಅನ್ನು. ಹೆಚ್ಚಿಗಿ ಮಾತಾಡಬ್ಯಾಡ."

ನಾನು ಕುಣಿಯುವುದೊಂದು ಬಾಕಿ. ಸುಳ್ಳು ಹೇಳಲು ಹೊರಟಿದ್ದೇನೆ ಅನ್ನುವುದು ನೆನಪಿಗೇ ಬರಲಿಲ್ಲ. ಕೊನೆಗೂ ನನ್ನ ಕೈಯಿಂದ ನನ್ನ ಜಡೆ ಕಟ್ಟುತ್ತೇನೆ ಅನ್ನುವುದಷ್ಟೇ ತಲೆಯಲ್ಲಿತ್ತು.

ಊರಿನ ಹೆಸರು ಬೇಡ. ಯಾವ ಊರಾದರೂ ಇದೇ ಕಥೆ. ದೊಡ್ಡ ಮನೆ, ದೊಡ್ಡ ಪಡಸಾಲೆ. ಮದುಮಗಳ ಹಿಂದೆ ಮಣೆ ಹಾಕಿ ಕೂರಿಸಿದರು. ಆ ಹುಡುಗಿಯ ಕೂದಲು ದಟ್ಟವಾಗಿತ್ತು, ಕುತ್ತಿಗೆ ಬೆವರುತ್ತಿತ್ತು. ಬೆವರು ಒರೆಸಿ ಹೆರಳು ಹಾಕಿದೆ. ಜಡೆ ಇಟ್ಟು ಹೊಲಿಗೆ ಹಾಕುತ್ತ ಹೋದೆ. ಮೊದಲ ಸಲ ಅಲ್ಲವೇ, ಎಲ್ಲಿ ಜಾರೀತೋ ಅಂತ ಹೊಲಿಗೆಯನ್ನು ಒತ್ತೊತ್ತಾಗಿ ಹಾಕಿದೆ. "ಅಕ್ಕ, ಕಟ್ಟಿದ್ದ ಗೊತ್ತಾಗ್ಲಿಲ್ಲ ನೋಡ್ರಿ, ಅಷ್ಟು ಹಗೂರ ಕೈ" ಅಂದಳು ಹುಡುಗಿ. ಸುತ್ತಲಿನ ಹೆಂಗಸರು ಜಡೆ ನೋಡಲು ಮುಗಿಬಿದ್ದರು. ಕೊಟ್ರಮ್ಮ, ಅಂದರೆ ಹುಡುಗಿಯ ತಾಯಿ, ದೃಷ್ಟಿ ತೆಗೆದು ನೆಟಿಗೆ ಮುರಿದಳು. ಮಗಳಿಗೆ ಒಂದು ಸಲ, ನನಗೆ ಒಂದು ಸಲ.

ಆಮೇಲೆ ನನ್ನನ್ನು ಮೂಡಣಕ್ಕೆ ಮುಖ ಮಾಡಿ ಕೂರಿಸಿ ಉಡಿ ತುಂಬಿದರು. ಅಕ್ಕಿಯ ಭಾರಕ್ಕೆ ಸೆರಗು ಜಗ್ಗಿತು. ಆ ಭಾರ ಹಿತವಾಗಿತ್ತು. ಉಡಿ ತುಂಬಿಸಿಕೊಂಡವಳು ಒಡಪು ಹಾಕಿ ಗಂಡನ ಹೆಸರು ಹೇಳಬೇಕು. ಪ್ರಾಸ ಕೂಡಿಸಿ ಎರಡು ಸಾಲು ಹೇಳಿದರೆ ಸುತ್ತಲಿನವರು ನಗುತ್ತಾರೆ, ಅಷ್ಟೇ. "ಹೇಳವ್ವ ಸಂಗೀತಾ, ಗಂಡನ ಹೆಸರು ಹೇಳು" ಅಂದರು.

ನನಗೆ ಬರುವುದು ಒಂದೇ ಒಡಪು. ನಮ್ಮ ಮದುವೆಯಲ್ಲಿ ಅತ್ತೆ ಓಬಮ್ಮ ತಾನೇ ಕಟ್ಟಿ ಕಲಿಸಿದ್ದು. ಅದನ್ನು ಹೇಳಿದಾಗಲೆಲ್ಲ ಕೇರಿಯ ಹೆಂಗಸರು ನಕ್ಕು ಕೈ ತಟ್ಟುತ್ತಾರೆ. ಯಾರದೋ ಸೀಮಂತದಲ್ಲಿ, ಯಾರದೋ ಹೊಸ ಮನೆ ಹೊಗುವ ದಿನ, ಎಲ್ಲೆಂದರಲ್ಲಿ ಹೇಳಿ ಹೇಳಿ ನಾಲಿಗೆಗೆ ಅಂಟಿದೆ. ಅಲ್ಲಿಯೂ ಅದೇ ಬಂತು. ತಲೆ ತಗ್ಗಿಸಿ, ನಗುತ್ತ, ರಾಗವಾಗಿ ಹೇಳಿಬಿಟ್ಟೆ.

"ನೀಲಿ ಬಾವುಟ ಗಾಳಿಗೆ, ಮಲ್ಲಿಗಿ ದಂಡಿ ಜಡಿಗೆ,
ಬಾಬಾಸಾಹೇಬರ ಮುಂದ ಕೈ ಹಿಡದ ಭೀಮೇಶ್ ಬಂದಾರ ಮನಿಗೆ."

ನಗು ಬರಲಿ ಅಂತ ಕಾದೆ. ಬರಲಿಲ್ಲ. ತಲೆ ಎತ್ತಿದೆ. ಕೊಟ್ರಮ್ಮನ ಕೈಯಲ್ಲಿ ಇನ್ನೂ ಒಂದು ಹಿಡಿ ಅಕ್ಕಿ ಇತ್ತು, ಕೈ ಅರ್ಧದಲ್ಲೇ ನಿಂತಿತ್ತು. ಗೋಡೆಗೆ ಒರಗಿದ್ದ ಅವಳ ಅತ್ತೆ, ಮುದುಕಿ, ಮೆಲ್ಲಗೆ ಅಂದಳು: "ಕೊಟ್ರಮ್ಮಾ, ಈಕಿ ಕೇರ್ಯಾಕಿ."

"ಹೌದೇನವ್ವ?" ಅಂತ ಕೊಟ್ರಮ್ಮ ಕೇಳಿದಳು.

ಅವಳು ಸಿಟ್ಟಿನಿಂದ ಕೇಳಿದ್ದರೆ ನಾನೂ ಸಿಟ್ಟಾಗುತ್ತಿದ್ದೆನೋ ಏನೋ. ಮೃದುವಾಗಿ ಕೇಳಿದಳು. "ಹೂಂ ರಿ" ಅಂದೆ. ಕದ್ದು ಸಿಕ್ಕವಳ ದನಿ ಅದು.

ಯಾರೋ ಒಂದು ಪುಟ್ಟಿಯನ್ನು ಕಾಲಿನಿಂದ ನನ್ನ ಕಡೆ ನೂಕಿದರು. "ಉಡಿ ಸುರುವಿಬಿಡವ್ವ" ಅಂದಳು ಕೊಟ್ರಮ್ಮ. "ದೇವರ ಮುಂದಿನ ಅಕ್ಕಿ. ತಪ್ಪು ತಿಳೀಬ್ಯಾಡ."

ಎದ್ದು ನಿಂತು ಹಾಗೇ ಹೊರಗೆ ನಡೆಯಬಹುದಿತ್ತು. ಅಕ್ಕಿಯನ್ನು ಪಡಸಾಲೆಯ ತುಂಬ ಎರಚಬಹುದಿತ್ತು. ನಾನು ಮೊಣಕಾಲೂರಿದೆ. ಸೆರಗಿನ ಗಂಟು ಬಿಚ್ಚಿದೆ. ಅಕ್ಕಿ ಪುಟ್ಟಿಗೆ ಬಿತ್ತು. ಕೊಬ್ಬರಿ ಬಟ್ಟಲು ಉರುಳಿಕೊಂಡು ಹೋಯಿತು, ಅದನ್ನು ಹಿಡಿಯಲು ಅಂಬೆಗಾಲಿನಲ್ಲಿ ಹೋದೆ. "ಮುಟ್ಟಬ್ಯಾಡ ಬಿಡು" ಅಂದಳು ಮುದುಕಿ. ಖಣ ಮಡಚಿ ಇಟ್ಟೆ. ಮಡಚಿ ಇಟ್ಟೆ, ನೋಡಿ. ಅಂಗಡಿಯವನ ಬಟ್ಟೆ ವಾಪಸು ಮಾಡುವವಳ ಹಾಗೆ. ಹಣೆಯ ಕುಂಕುಮ ಒಂದನ್ನು ಹೇಗೆ ವಾಪಸು ತಗೊಳ್ಳುವುದು ಅಂತ ಅವರಿಗೆ ತಿಳಿಯಲಿಲ್ಲ.

"ಜಡಿ ಏನ್ ಮಾಡೂದು?" ಅಂತ ಒಬ್ಬಳು ಕೇಳಿದಳು. ಮದುಮಗಳ ಕೈ ತಾನಾಗಿ ಜಡೆಯ ಮೇಲೆ ಹೋಯಿತು.

"ಜಡಿ ಇರ್ಲಿ. ಹೂವಿಗೇನ್ ಮೈಲಿಗಿ" ಅಂದಳು ಮುದುಕಿ. "ಒಂಚೂರು ನೀರ್ ಚಿಮುಕ್ಸ್ರಿ."

ಚಿಮುಕಿಸಿದರು. ಹುಡುಗಿ ನೆಲ ನೋಡುತ್ತಿದ್ದಳು. ನಾನು ಪಾತ್ರೆ ತೊಳೆಯುವ ಜಾಗ ದಾಟಿ ಹಿತ್ತಲಿನಿಂದ ಹೊರಬಿದ್ದೆ. ಮುಂಬಾಗಿಲಿಂದ ಹೋಗಬೇಡ ಅಂತ ಯಾರೂ ಹೇಳಿರಲಿಲ್ಲ. ಕಾಲು ತಾನೇ ಹಿತ್ತಲಿಗೆ ಹೋಯಿತು.

ಬಸ್ಸಿನಲ್ಲಿ ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಅದನ್ನೇ ಹೇಳಬೇಕು ಅಂತ ಇದೆಲ್ಲ ಹೇಳುತ್ತಿರುವುದು. ಸಿಟ್ಟು ಬಂದದ್ದು ಒಡಪಿನ ಮೇಲೆ. ಎಷ್ಟು ಚಂದದ ಹೆಸರುಗಳಿವೆ, ಬೇರೆ ಯಾವುದಾದರೂ ಒಂದನ್ನು ಸುಮ್ಮನೆ ಅನ್ನಬಾರದಿತ್ತೇ ಅನ್ನಿಸಿತು. ನನ್ನ ಮದುವೆಯ ಮಾತಿಗೆ ನಾನೇ ನಾಚಿದೆ. ಕಿಟಕಿಯ ಗಾಜಿನಲ್ಲಿ ಕುಂಕುಮ ಕಂಡಿತು. ಉಗುಳು ಹಚ್ಚಿ ಒರೆಸಿಕೊಂಡೆ.

ಮನೆಗೆ ಬಂದಾಗ ಓಬಮ್ಮ ಸಜ್ಜೆ ಹಸನು ಮಾಡುತ್ತ ಕೂತಿದ್ದಳು. ಭೀಮೇಶ್ ಆಗಷ್ಟೇ ನೀರು ಬಿಟ್ಟು ಬಂದಿದ್ದ. ಎಲ್ಲ ಹೇಳಿದೆ.

"ಸುರುವು ಅಂದ್ರು. ನೀ ಏನ್ ಮಾಡಿದಿ?" ಅಂತ ಓಬಮ್ಮ ಕೇಳಿದಳು.

"ಸುರುವಿದೆ ಅತ್ತಿ."

ಅವಳು ಮೊರ ಕೆಳಗಿಟ್ಟಳು. "ಒಡಪು ಕಲಿಸಿದಾಕಿ ನಾನು. ಸುರುವೂದು ಯಾರು ಕಲಿಸಿದ್ರು?"

ಸಜ್ಜೆಯಿಂದ ಒಂದು ಕಲ್ಲು ಆರಿಸಿ ಎಸೆದು ಅವಳೇ ಅಂದಳು: "ನಾನೂ ಕಲಿಸಿರಬೇಕು ಬಿಡು. ಗೌಡ್ರ ಕಣದಾಗ ಉದುರಿದ ತೆನಿ ಆರಿಸೂವಾಗ ಮಡಲಾಗಿಂದು ಸುರುವು ಅಂದ್ರು, ಸುರುವೀನಿ. ಹೊಟ್ಟ್ಯಾಗ ಇವನಿದ್ದ." ಮಗನ ಕಡೆ ಗದ್ದ ತೋರಿಸಿದಳು.

ಭೀಮೇಶ್ ನನ್ನ ಮುಖ ನೋಡದೆ ಹೇಳಿದ: "ನೀ ನನ್ನ ಹೆಸರು ಬಿಟ್ಟು ಬ್ಯಾರೆ ಹೆಸರು ಹೇಳಿದ್ರೂ ನನಗೇನು ಸಿಟ್ಟು ಬರ್ತಿರಲಿಲ್ಲ."

ಸಮಾಧಾನ ಮಾಡಲು ಹೇಳಿದ ಮಾತು. ಬಸ್ಸಿನಲ್ಲಿ ನಾನು ಯೋಚಿಸಿದ್ದು ಅದನ್ನೇ. ಅವನ ಬಾಯಿಂದ ಕೇಳಿದಾಗ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಬೇರೆಯವರು ಕಿತ್ತುಕೊಂಡದ್ದು ಅಕ್ಕಿ. ಇವನ ಹೆಸರನ್ನು ಬಿಟ್ಟುಕೊಡಲು ನಾನೇ ತಯಾರಾಗಿದ್ದೆ.

ಮರುದಿನ ಬೆಳಿಗ್ಗೆ ಪಾರ್ಲರಿಗೆ ಹೋದಾಗ ಹಡಗಲಿ ಬಸ್ಸಿಗೆ ಮೊಗ್ಗಿನ ಬುಟ್ಟಿ ಬಂದಿತ್ತು, ಒದ್ದೆ ಬಟ್ಟೆ ಸುತ್ತಿ. ನಾಳಿನ ಇನ್ನೊಂದು ಮದುವೆಗೆ ಜಡೆ ಹೆಣೆಯಬೇಕು. ಸಂಜೆಯೊಳಗೆ ಹೆಣೆಯದಿದ್ದರೆ ಮೊಗ್ಗು ಅರಳಿ ಕೆಲಸಕ್ಕೆ ಬಾರದಾಗುತ್ತದೆ.

ಸುದ್ದಿ ಮೇಡಂಗೆ ಆಗಲೇ ಮುಟ್ಟಿತ್ತು, ಬಾಗಿಲು ಮುಂದೆ ಮಾಡಿದರು. "ಒಂದ್ ಸುಳ್ಳು ಹೇಳಾಕ ಬರಲಿಲ್ಲಲ್ಲ ನಿನಗ. ಶ್ರೀನಾಥ ಅಂದಿದ್ರ ಮುಗೀತಿತ್ತು."

"ನನ್ನ ಗಂಡನ ಹೆಸರು ಶ್ರೀನಾಥ ಅಲ್ರಿ."

"ನಾ ಜಾತಿ ಮಾಡಾಕಿ ಅಲ್ಲ, ನಿನಗ ಗೊತ್ತೈತಿ. ನೀ ಮಾಡಿದ ಚಾ ಕುಡಿತೀನಿ. ಆದ್ರ ಮಂದಿ ಮನಿ ನನ್ನ ಕೈಯಾಗ ಇಲ್ಲ." ಆಮೇಲೆ ದನಿ ಇಳಿಸಿದರು. "ನೋಡು, ಇವತ್ತಿನಿಂದ ನೀನು ಜಡಿ ಸ್ಪೆಷಲಿಸ್ಟ್. ತಲಿ ತೊಳೆಯೂದು ಬ್ಯಾಡ, ಕಸ ಬ್ಯಾಡ. ಹಿಂದಿನ ಕೋಣ್ಯಾಗ ಫ್ಯಾನ್ ಹಾಕಿಸ್ತೀನಿ. ನೀ ಹೆಣಿ, ನಾ ಹೋಗಿ ಕಟ್ತೀನಿ."

ವರ್ಷಗಟ್ಟಲೆ ಕಾದ ಮಾತು ಹೀಗೆ ಬಂತು. ಒಂದು ಗಳಿಗೆ ನನಗೆ ಖುಷಿಯೂ ಆಯಿತು. ಸ್ಪೆಷಲಿಸ್ಟ್ ಅನ್ನುವ ಮಾತಿಗೆ, ಫ್ಯಾನಿಗೆ. ಹಾಳು ಮನಸ್ಸು.

ಅಷ್ಟರಲ್ಲಿ ಮೇಡಂ ಫೋನು ರಿಂಗಾಯಿತು. ಕೊಟ್ರಮ್ಮ. ಮೇಡಂ ಸ್ಪೀಕರ್ ಹಾಕಿದರು.

"ಸುಜಾತಾ, ಜಡಿ ಬಿಚ್ಚಾಕ ಬರವಲ್ದು. ರಾತ್ರಿಯಿಂದ ಜಗ್ಗಿ ಜಗ್ಗಿ ದಾರ ಕೂದಲಾಗ ಸಿಕ್ಕೊಂಡೈತಿ. ಹುಡುಗಿ ಅಳಾಕತ್ಯಾಳ. ಕತ್ರಿ ಹಾಕಬಾರ್ದು, ಕಟ್ಟಿದಾಕಿನ ಬಿಚ್ಚಬೇಕು ಅಂತಾಳ ನಮ್ಮತ್ತಿ. ಗಂಡನ ಮನಿಗೆ ಕಳಸೂದೈತಿ ಇವತ್ತು. ಆಕಿನ್ನ ಕಳಸು. ಹಿತ್ತಲ ಬಾಗಿಲಿಗೆ ಬರ್ಲಿ."

ಕಟ್ಟಿದ ಕೈಯಿಂದಲೇ ಬಿಚ್ಚಬೇಕು. ಅದು ಅವರ ಪದ್ಧತಿ. ಕಟ್ಟಿದ ಕೈ ಹಿತ್ತಲಿಗೆ ಬರಬೇಕು. ಅದೂ ಅವರದೇ ಪದ್ಧತಿ.

ಮೇಡಂ ನನ್ನ ಕಡೆ ನೋಡಿ, ಹೋಗು ಅಂತ ಕಣ್ಣಿನಲ್ಲೇ ಅಂದರು.

"ನಾ ಬರಂಗಿಲ್ಲ್ರಿ" ಅಂದೆ ಫೋನಿಗೆ. "ಪಡಸಾಲ್ಯಾಗ ಕಟ್ಟೀನಿ. ಹಿತ್ತಲದಾಗ ಬಿಚ್ಚಂಗಿಲ್ಲ."

ಮೇಡಂ ಸ್ಪೀಕರ್ ಆರಿಸಿ ಫೋನು ಹಿಡಿದು ಹೊರಗೆ ಹೋಗಿ ಏನೇನೋ ಮಾತಾಡಿದರು. ನಾನು ವಾಷ್ ಬೇಸಿನ್ ತೊಳೆಯುತ್ತ ನಿಂತೆ. ಆ ಹುಡುಗಿ ಅಳುತ್ತಿದ್ದಾಳೆ ಅನ್ನುವುದು ಚುಚ್ಚುತ್ತಿತ್ತು. ಅಷ್ಟು ಒತ್ತಾಗಿ ಹೊಲಿದವಳು ನಾನೇ.

ಮಧ್ಯಾಹ್ನದ ಹೊತ್ತಿಗೆ ಕಾರು ಬಂತು. ಮದುಮಗಳು ತಲೆಗೆ ಸೆರಗು ಹೊದ್ದು ಇಳಿದಳು. ಹಿಂದೆ ಕೊಟ್ರಮ್ಮ, ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು. ಪಾರ್ಲರಿನಲ್ಲಿ ಬೇರೆ ಗಿರಾಕಿಗಳೂ ಕೂತಿದ್ದರು. ಹುಡುಗಿ ನನ್ನ ಮುಂದಿನ ಕುರ್ಚಿಯಲ್ಲಿ ಕೂತು ಸೆರಗು ಸರಿಸಿದಳು. ನನ್ನ ಜಡೆ ಕಂದಿ, ಕಸದ ಹಾಗೆ ಜೋತು ಬಿದ್ದಿತ್ತು. ಕೂದಲ ಬುಡದಲ್ಲಿ ಚರ್ಮ ಕೆಂಪಾಗಿತ್ತು.

ಒಂದೊಂದೇ ಹೊಲಿಗೆ ಹುಡುಕಿ ಬಿಚ್ಚಿದೆ. ಅವಳು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದಳು. "ಅಕ್ಕ, ನಿಮ್ಮ ಖರೇ ಹೆಸರೇನ್ರಿ?" ಅಂತ ಕೇಳಿದಳು.

"ಸಂಘಮಿತ್ರಾ."

ಹಿಂದೆ ನಿಂತಿದ್ದ ಮೇಡಂ ಬೇರೆ ಕಡೆ ನೋಡಿದರು. ಹುಡುಗಿ ಹೆಸರನ್ನು ತುಟಿಯಲ್ಲೇ ಒಮ್ಮೆ ಅಂದುಕೊಂಡಳು. ಬಾಯಿಯಲ್ಲಿ ಚೆನ್ನಾಗಿಯೇ ತಿರುಗಿತು. "ನಿನ್ನೆ ನಾ ಏನೂ ಮಾತಾಡ್ಲಿಲ್ಲ" ಅಂದಳು.

"ಹೌದು, ನೀವು ಮಾತಾಡ್ಲಿಲ್ಲ" ಅಂದೆ. ಇರಲಿ ಬಿಡಿ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿದೆ. ನಾನೂ ನಿನ್ನೆ ಮಾತಾಡಿರಲಿಲ್ಲ.

ಜಡೆ ಕಳಚಿತು. ಕೊಟ್ರಮ್ಮ ಮುಂದೆ ಬಂದು ಕವರನ್ನು ಕುರ್ಚಿಯ ಮೇಲೆ ಇಟ್ಟಳು. ಒಳಗೆ ಅಕ್ಕಿ, ಕೊಬ್ಬರಿ, ಅದೇ ಖಣ. "ತಗಂಡು ಹೋಗವ್ವ. ನಿನ್ನೆ ಮಂದ್ಯಾಗ ನನಗೂ ಉಪಾಯ ಇರ್ಲಿಲ್ಲ."

"ಉಡಿ ಸೆರಗಿಗೆ ತುಂಬ್ತಾರ್ರಿ. ಕವರ್‌ನಾಗ ಕೊಡಂಗಿಲ್ಲ."

ನಾನು ಏಪ್ರನ್ನಿನ ಎರಡು ತುದಿ ಹಿಡಿದು ಅವಳ ಮುಂದೆ ಒಡ್ಡಿ ನಿಂತೆ. ಬಣ್ಣದ ಕಲೆ, ಕೂದಲ ಚೂರು ಅಂಟಿದ ಏಪ್ರನ್ನು. ಭಿಕ್ಷೆ ಬೇಡುವವಳಂತೆ ಕಾಣುತ್ತೇನೆ ಅಂತ ಕನ್ನಡಿ ಹೇಳುತ್ತಿತ್ತು. ಆದರೂ ಇಳಿಸಲಿಲ್ಲ. ಗಿರಾಕಿಗಳೆಲ್ಲ ಮೊಬೈಲು ಬಿಟ್ಟು ನೋಡುತ್ತಿದ್ದರು. ಕೊಟ್ರಮ್ಮ ಕವರಿನೊಳಗೆ ಕೈ ಹಾಕಿದಳು. ಅಕ್ಕಿ ಹಿಡಿದಳು. ಆ ಕೈ ಮೇಲೆ ಬರಲಿಲ್ಲ. ಬಾಗಿಲ ಕಡೆ, ಜನರ ಕಡೆ ನೋಡಿ ಬರಿಗೈ ಹೊರತೆಗೆದಳು.

ನಾನು ಏಪ್ರನ್ನು ಬಿಟ್ಟೆ. ಬಾಡಿದ ಜಡೆಯನ್ನು ಸುತ್ತಿ ಕವರಿನಲ್ಲಿ ಅಕ್ಕಿಯ ಮೇಲೆ ಇಟ್ಟು ಅವಳ ಕಡೆ ಸರಿಸಿದೆ. "ಒಯ್ಯಿರಿ. ಹೂವಿಗೆ ಮೈಲಿಗಿ ಇಲ್ಲಂತ."

ಅವಳು ತಗೊಂಡಳು. ಹುಡುಗಿ ಬಾಗಿಲಲ್ಲಿ ಒಮ್ಮೆ ತಿರುಗಿದಳು. ತಾಯಿ ರಟ್ಟೆ ಹಿಡಿದು ಕಾರಿಗೆ ಕರೆದೊಯ್ದಳು.

ಗಿರಾಕಿಗಳು ಹೋದ ಮೇಲೆ ಮೇಡಂ ಮೊಗ್ಗಿನ ಬುಟ್ಟಿ ತಂದು ನನ್ನ ಮುಂದೆ ಇಟ್ಟರು. ಬೈಯಲಿಲ್ಲ. "ಆಗಿದ್ದಾತು. ಹೆಣಿ. ನಾಳೆ ಜಡಿ ಇಲ್ಲಂದ್ರ ನನ್ನ ಮರ್ಯಾದಿ ಹೊಕ್ಕೈತಿ."

"ಹೆಣೀತೀನ್ರಿ. ಯಾರು ಕಟ್ತಾರ?"

ಅವರು ಬುಟ್ಟಿಯ ಒದ್ದೆ ಬಟ್ಟೆಯನ್ನು ಸರಿಮಾಡಿದರು.

"ನಾನು ಕಟ್ತೀನಿ. ಸಂಘಮಿತ್ರಾ ಅಂತ ಹೋಗ್ತೀನಿ. ಒಡಪು ಕೇಳಿದ್ರ ನನಗ ಬರೂದು ಒಂದ. ಅದನ್ನ ಹೇಳ್ತೀನಿ. ಹೂಂ ಅನ್ರಿ, ಈಗ ಸೂಜಿ ಹಿಡೀತೀನಿ."

"ಹಟ ಮಾಡಬ್ಯಾಡ. ನಾಳೆಯಿಂದ ಕೆಲ್ಸ ಇರಂಗಿಲ್ಲ ನಿನಗ."

"ಗೊತ್ತೈತ್ರಿ."

ಅವರು ಎದುರಿನ ಕುರ್ಚಿಯಲ್ಲಿ ಕೂತರು. ನಾನು ನೆಲದ ಮೇಲೆ ಕೂತೆ. ನಡುವೆ ಬುಟ್ಟಿ. ಅವ್ವನ ಹಾಗೆ ಯಾರೋ ಹಡಗಲಿಯಲ್ಲಿ ಕತ್ತಲಿರುವಾಗಲೇ ಎದ್ದು ಬಿಡಿಸಿದ ಮೊಗ್ಗು. ಹೊತ್ತು ಇಳಿಯಿತು. ಒದ್ದೆ ಬಟ್ಟೆ ಒಣಗಿತು. ಬುಟ್ಟಿಯ ಅಂಚಿನಲ್ಲಿ ಒಂದು ಮೊಗ್ಗು ಬಾಯಿ ಬಿಟ್ಟಿತು, ಆಮೇಲೆ ಅದರ ಪಕ್ಕದ್ದು. ವಾಸನೆ ಏಳತೊಡಗಿತು. ಹೂವು ಹಾಳಾಗುವುದನ್ನು ನೋಡುತ್ತ ಕೂತವಳಲ್ಲ ನಾನು. ಬೆರಳು ತಡೆಯದಾದವು, ಮುಖ ಸುಡುತ್ತಿತ್ತು. ಮೇಡಂ ಹೂಂ ಅನ್ನದೆಯೇ ಸೂಜಿಗೆ ದಾರ ಪೋಣಿಸಿ ನನ್ನ ಕಡೆ ಚಾಚಿದರು.

ನಾನು ಎರಡೂ ಕೈಯನ್ನು ಉಡಿಯಲ್ಲಿಟ್ಟುಕೊಂಡು ಕೂತೇ ಇದ್ದೆ.